ಮೀಟರ್ ಅವರದ್ದು, ಪೆಟ್ಟಿಗೆ ನಿಮ್ಮದು

ಹೊರದೇಶಗಳಲ್ಲಿ ನೆಲೆಸಿರುವ ಓದುಗರು ಮನೆಯ ಕರೆಂಟ್ ಮೀಟರ್ ಬಗ್ಗೆ ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹಳೇ ಮನೆ ಕೊಂಡಿದ್ದೇವೆ. ಕರೆಂಟ್ ಕಂಪನಿಯವರು ಮೀಟರ್ ಬದಲಾಯಿಸಲು ಬಂದವರು, ಹಿಂದಿನ ಪೆಟ್ಟಿಗೆ ತುಕ್ಕು ಹಿಡಿದು ಕರಕಲಾಗಿದೆ, ನೀವೇ ಸರಿ ಮಾಡಿಸಿಕೊಳ್ಳಿ ಎಂದು ಕೆಂಪು ಚೀಟಿ ಕೊಟ್ಟು ಹೋದರು. ಮೀಟರ್ ಅವರದ್ದಲ್ಲವೇ?

ಉತ್ತರ: ಮೀಟರ್ ಅವರದ್ದೇ. ಅದು ಕೂತಿರುವ ಪೆಟ್ಟಿಗೆ ಮಾತ್ರ ನಿಮ್ಮದು. ಅಮೆರಿಕದ ಮನೆ ಮೀಟರಿಗೆ ಹಿಂಬದಿಯಲ್ಲಿ ನಾಲ್ಕು ಲೋಹದ ಪಟ್ಟಿಗಳಿರುತ್ತವೆ. ಪ್ಲಗ್ ಚುಚ್ಚಿದ ಹಾಗೆ ಅವು ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಹಿಡಿಗಳಿಗೆ ಕಚ್ಚಿಕೊಳ್ಳುತ್ತವೆ. ಆ ಪೆಟ್ಟಿಗೆಯನ್ನು ಮೀಟರ್ ಬೇಸ್, ಮೀಟರ್ ಸಾಕೆಟ್, ಮೀಟರ್ ಕ್ಯಾನ್ ಎಂದೆಲ್ಲ ಕರೆಯುತ್ತಾರೆ. ಕಂಬದಿಂದ ಬರುವ ತಂತಿ ಕಂಪನಿಯದ್ದು. ಗೋಡೆಯ ತುದಿಯಲ್ಲಿರುವ ವೆದರ್‌ಹೆಡ್ ಎಂಬ ಟೋಪಿಯ ಬಳಿ ಅದು ಮನೆಯ ಕೇಬಲ್‌ಗೆ ಸೇರುತ್ತದೆ. ಸಾಮಾನ್ಯವಾಗಿ ಅವರ ಗಡಿ ಅಲ್ಲಿಗೆ ಮುಗಿಯಿತು. ಟೋಪಿ, ಕೆಳಗಿಳಿಯುವ ಕೇಬಲ್, ಬೇಸ್, ಒಳಗಿನ ಬ್ರೇಕರ್ ಪ್ಯಾನಲ್ ಎಲ್ಲ ಮನೆಯವರ ಖರ್ಚಿಗೆ. ನಡುವೆ ಮೀಟರ್ ಒಂದೇ ಮತ್ತೆ ಅವರದ್ದು. ವಿಚಿತ್ರ ಪಾಲುಪಟ್ಟಿ, ಆದರೆ ಅದರ ಮೇಲೆ ಜಗಳ ಆಡಿ ಪ್ರಯೋಜನವಿಲ್ಲ. ಕೇಬಲ್ ನೆಲದಡಿಯಲ್ಲಿ ಬರುತ್ತಿದ್ದರೆ ಗಡಿ ಕಂಪನಿಯಿಂದ ಕಂಪನಿಗೆ ಬೇರೆ, ಕೇಳಿ ಖಚಿತಪಡಿಸಿಕೊಳ್ಳಿ.

ಪೆಟ್ಟಿಗೆ ಕರಕಲಾಗಲು ಹೆಚ್ಚಾಗಿ ಎರಡು ಕಾರಣ. ವೆದರ್‌ಹೆಡ್ ಬಿರುಕಿನಿಂದಲೋ, ಬಿಸಿಲಿಗೆ ಒಡೆದ ಕೇಬಲ್ ಹೊದಿಕೆಯಿಂದಲೋ ಮಳೆನೀರು ಒಳಗೆ ಇಳಿಯುವುದು ಒಂದು. ಸ್ಪ್ರಿಂಗ್ ಹಿಡಿ ಸಡಿಲವಾಗುವುದು ಇನ್ನೊಂದು. ಹಿಡಿ ಸಡಿಲವಾದರೆ ಕಾವು ಹುಟ್ಟುತ್ತದೆ, ಕಾವಿಗೆ ಸ್ಪ್ರಿಂಗ್ ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಕಿಡಿ. ನೀರಿನ ದಾರಿ ಮುಚ್ಚದೆ ಬರೀ ಪೆಟ್ಟಿಗೆ ಬದಲಾಯಿಸಿದರೆ ಕೆಲವೇ ವರ್ಷಗಳಲ್ಲಿ ಅದೇ ಚೀಟಿ ಮತ್ತೆ ಬರುತ್ತದೆ. ಹಾಗಾಗಿ ಕೊಟೇಶನ್ ಕೇಳುವಾಗ ವೆದರ್‌ಹೆಡ್ ಮತ್ತು ಕೇಬಲ್ ಸೇರಿಸಿಯೇ ಕೇಳಿ.

ಮೊದಲ ಕೆಲಸ, ಚೀಟಿಯಲ್ಲಿ ಕೊಟ್ಟಿರುವ ಗಡುವು ನೋಡುವುದು ಮತ್ತು ಹಾಳಾದ ಭಾಗದ ಫೋಟೋ ತೆಗೆದಿಡುವುದು. ಆಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹುಡುಕಿ. ಅವರು ಟೌನ್‌ಶಿಪ್‌ನಲ್ಲಿ ಪರ್ಮಿಟ್ ಪಡೆಯಬೇಕು, ಕಂಪನಿಯಲ್ಲಿ ಡಿಸ್‌ಕನೆಕ್ಟ್–ರೀಕನೆಕ್ಟ್‌ಗೆ ದಿನ ಗೊತ್ತು ಮಾಡಬೇಕು. ಬೆಳಗ್ಗೆ ಕಂಪನಿಯವರು ತಂತಿ ಬಿಡಿಸುತ್ತಾರೆ, ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಾರೆ, ಟೌನ್ ಇನ್‌ಸ್ಪೆಕ್ಟರ್ ನೋಡಿ ಒಪ್ಪಿದ ಮೇಲೆ, ಮತ್ತೆ ಕರೆಂಟ್ ಕೊಡಬಹುದು ಎಂಬ ಒಪ್ಪಿಗೆಯಾಗಿ ಕಂಪನಿಗೆ ‘ಕಟ್‌-ಇನ್ ಕಾರ್ಡ್’ ಹೋಗುತ್ತದೆ. ಆ ಕಾರ್ಡ್ ತಲುಪದೆ ಕಂಪನಿಯವರು ತಂತಿ ಮತ್ತೆ ಜೋಡಿಸುವುದಿಲ್ಲ. ಕೆಲಸ ಕೆಡುವುದು ಇಲ್ಲೇ: ಇನ್‌ಸ್ಪೆಕ್ಟರ್ ಮಾರನೇ ದಿನ ಬರುತ್ತೇನೆ ಎಂದರೆ ರಾತ್ರಿಯಿಡೀ ಕತ್ತಲು. ಮೂವರ ಸಮಯವೂ ಒಂದೇ ದಿನಕ್ಕೆ ಕೂಡಿದೆಯೇ ಎಂದು ಹಿಂದಿನ ದಿನ ನೀವೇ ಫೋನ್ ಮಾಡಿ ಕೇಳಿ. ಶುಕ್ರವಾರ ಬೇಡವೇ ಬೇಡ.

ಇನ್ನು ಸಾಮಾನು. 200 ಆಂಪಿಯರ್ ಮನೆಗೆ 4/0 ಅಲ್ಯೂಮಿನಿಯಂ ಅಥವಾ 2/0 ತಾಮ್ರದ ಕೇಬಲ್ ರೂಢಿ (ಇವು ತಂತಿಯ ದಪ್ಪ ಹೇಳುವ ಅಮೆರಿಕದ ಗೇಜ್ ಅಳತೆಗಳು). ಅಲ್ಯೂಮಿನಿಯಂ ಆದರೆ ತುದಿಗೆ ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಿ, ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಳತೆಗೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಕೈಯಂದಾಜಿನ ಬಿಗಿತ ನಡೆಯುವುದಿಲ್ಲ. ಅರ್ತಿಂಗ್‌ಗೆ 8 ಅಡಿಯ ಎರಡು ರಾಡ್, ನಡುವೆ ಕನಿಷ್ಠ 6 ಅಡಿ ಅಂತರ, 6 ಗೇಜ್ ತಾಮ್ರದ ತಂತಿ. ನೆಲದಿಂದ ಬರುವ ನೀರಿನ ಪೈಪು ಲೋಹದ್ದಾದರೆ ಅದಕ್ಕೂ 4 ಗೇಜ್ ತಂತಿ ಕಟ್ಟಬೇಕು. ಹಳೇ ಮನೆಗಳು ಇನ್‌ಸ್ಪೆಕ್ಷನ್‌ನಲ್ಲಿ ಸೋಲುವುದು ಈ ಅರ್ತಿಂಗ್‌ನಲ್ಲೇ ಹೆಚ್ಚು. ಮೀಟರ್ ಬೇಸ್ ಕೂಡ ಕಂಪನಿ ಒಪ್ಪಿದ ಪಟ್ಟಿಯದ್ದೇ ಆಗಿರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಗೋಡೆಗೆ ಕೂರಿಸಿದ ಮೇಲೂ ತಿರಸ್ಕರಿಸುತ್ತಾರೆ.

ಹೊರಗೋಡೆಗೆ, ಹೊರಗಿನಿಂದಲೇ ಮನೆಯ ಕರೆಂಟ್ ಕಡಿಯುವ ಎಮರ್ಜೆನ್ಸಿ ಡಿಸ್‌ಕನೆಕ್ಟ್ ಸ್ವಿಚ್ ಕಡ್ಡಾಯ ಎಂದು ಬಿಲ್ಲಿಗೆ ಸೇರಿಸಿದರೆ ವಿಚಾರಿಸಿ. ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್‌ನ 2023ರ ಆವೃತ್ತಿಯಲ್ಲಿ ಮೇನ್ ಬ್ರೇಕರ್ ಇರುವ ಸಾಧನ ಬದಲಾಯಿಸಿದಾಗ ಅದು ಬೇಕು. ಬೇಸ್ ಮತ್ತು ಕೇಬಲ್ ಮಾತ್ರ ಬದಲಾಯಿಸಿದರೆ ವಿನಾಯಿತಿ ಇದೆ. ಕಂಪನಿಯದ್ದೇ ಬೇರೆ ನಿಯಮ ಇದ್ದರೆ ಅದನ್ನು ಬರಹದಲ್ಲಿ ತೋರಿಸಲಿ.

ಪ್ರಶ್ನೆ: ಕೆಲವು ಸಲ ಅಡುಗೆಮನೆ ದೀಪ ಮಂಕಾಗುತ್ತದೆ, ಅದೇ ಹೊತ್ತಿಗೆ ಹಾಲ್‌ನ ದೀಪ ಕಣ್ಣು ಕುಕ್ಕುತ್ತದೆ. ಮೀಟರ್ ದೋಷವೇ? (ಕ್ಯಾಲಿಫೋರ್ನಿಯಾ)

ಉತ್ತರ: ಈ ಸಂಚಿಕೆ ಕೆಳಗಿಟ್ಟು ಮೊದಲು ಮೇನ್ ಬ್ರೇಕರ್ ಆಫ್ ಮಾಡಿ, ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ. ಇದು ನ್ಯೂಟ್ರಲ್, ಅಂದರೆ ಕರೆಂಟ್ ಹಿಂತಿರುಗುವ ತಂತಿ, ಸಡಿಲವಾಗಿರುವ ಲಕ್ಷಣ.

ಅಲ್ಲಿನ ಮನೆಗೆ ಎರಡು ಫೇಸ್ ತಂತಿ, ಒಂದು ನ್ಯೂಟ್ರಲ್ ಬರುತ್ತವೆ. ಫೇಸ್‌ಗಳ ನಡುವೆ 240 ವೋಲ್ಟ್, ಒಂದೊಂದರಿಂದ ನ್ಯೂಟ್ರಲ್‌ಗೆ 120. ನ್ಯೂಟ್ರಲ್ ಬಿಟ್ಟುಹೋದರೆ ಮನೆಯ ಎರಡು ಅರ್ಧಗಳು ಒಂದರ ಬೆನ್ನಿಗೆ ಒಂದು ಸರಣಿಯಾಗಿ ಸೇರಿ 240 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದು ಕಡೆ 1200 ವ್ಯಾಟ್ ಹೀಟರ್, ಇನ್ನೊಂದು ಕಡೆ 240 ವ್ಯಾಟ್‌ನಷ್ಟು ದೀಪಗಳಿದ್ದರೆ ಲೆಕ್ಕ ಹೀಗೆ: ಹೀಟರ್ 12 ಓಮ್, ದೀಪಗಳು 60 ಓಮ್. ಹೀಟರಿಗೆ 40 ವೋಲ್ಟ್, ದೀಪಗಳಿಗೆ 200. ಟಿವಿ, ಫ್ರಿಜ್, ರೌಟರ್ ಸುಡುವುದು ಹೀಗೆಯೇ. ನಲ್ಲಿ ಮುಟ್ಟಿದಾಗ ಜುಮ್ಮೆಂದರೂ ಇದೇ ಅನುಮಾನ ಇರಲಿ. ದಾರಿ ತಪ್ಪಿದ ಕರೆಂಟ್ ನೀರಿನ ಪೈಪ್ ಮೂಲಕ ಹೊರಟಿರುತ್ತದೆ.

ಫೋನಿನಲ್ಲಿ ‘ಲೈಟ್ ಸರಿಯಿಲ್ಲ’ ಎಂದರೆ ನಿಮ್ಮ ಎಲೆಕ್ಟ್ರಿಷಿಯನ್ನನ್ನು ಕರೆಸಿ ಎನ್ನುತ್ತಾರೆ. ‘ಲೂಸ್ ನ್ಯೂಟ್ರಲ್, ಕೆಲವು ದೀಪ ಜಾಸ್ತಿ ಉರಿಯುತ್ತಿವೆ’ ಎಂದು ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಬಂದವರು ವೆದರ್‌ಹೆಡ್ ಜೋಡಣೆ, ಮೀಟರ್ ಬೇಸ್, ಟ್ರಾನ್ಸ್‌ಫಾರ್ಮರ್ ತುದಿ ಮೂರನ್ನೂ ನೋಡಲಿ. ದೋಷ ಎಲ್ಲಿತ್ತು ಎಂದು ಬರೆಸಿಕೊಂಡರೆ, ಸುಟ್ಟ ಸಾಮಾನಿಗೆ ಪರಿಹಾರ ಕೇಳುವಾಗ ಬೇಕಾಗುತ್ತದೆ.

ಮನೆಯ ಅರ್ಧಭಾಗ ಪೂರಾ ಸತ್ತು, ಓವನ್ ಹಚ್ಚಿದಾಗ ಮಾತ್ರ ಸತ್ತ ದೀಪಗಳು ಮಿಣುಕಿದರೆ ಅದು ಬೇರೆ ಕಾಯಿಲೆ. ಅಲ್ಲಿ ಹೋಗಿರುವುದು ಒಂದು ಫೇಸ್. ಫೋನಿನಲ್ಲಿ ‘ಪಾರ್ಷಿಯಲ್ ಪವರ್’ ಎನ್ನಿ.

ಪ್ರಶ್ನೆ: ಡಲ್ಲಾಸ್‌ನಲ್ಲಿ ಬಿಲ್ ಕಳಿಸುವ ಕಂಪನಿಗೆ ಫೋನ್ ಮಾಡಿದರೆ ಮೀಟರ್ ನಮ್ಮದಲ್ಲ ಎನ್ನುತ್ತಾರೆ.

ಉತ್ತರ: ನಿಜವನ್ನೇ ಹೇಳಿದ್ದಾರೆ. ಟೆಕ್ಸಾಸ್‌ನ ಬಹುಭಾಗದಲ್ಲಿ ಕರೆಂಟ್ ಮಾರುವವರು ಒಬ್ಬರು, ತಂತಿ–ಮೀಟರ್ ಒಡೆಯರು ಇನ್ನೊಬ್ಬರು. ಡಲ್ಲಾಸ್ ಸುತ್ತ ಆನ್‌ಕೋರ್, ಹ್ಯೂಸ್ಟನ್ ಕಡೆ ಸೆಂಟರ್‌ಪಾಯಿಂಟ್. ಬಿಲ್ಲಿನಲ್ಲಿ ಇಎಸ್‌ಐ ಐಡಿ ಎಂಬ 17 ಅಥವಾ 22 ಅಂಕಿಯ, ನಿಮ್ಮ ಮನೆಯ ಸಂಪರ್ಕವನ್ನು ಗುರುತಿಸುವ ಸಂಖ್ಯೆ ಇರುತ್ತದೆ, ಅದನ್ನು ಕೈಯಲ್ಲಿ ಹಿಡಿದು ತಂತಿ ಕಂಪನಿಗೆ ಕರೆ ಮಾಡಿ.

ಪ್ರಶ್ನೆ: ಚಳಿಗಾಲದಲ್ಲಿ ಬಿಲ್ ಎರಡು ಪಟ್ಟಾಯಿತು. ಮೀಟರ್ ಜಾಸ್ತಿ ಓಡುತ್ತಿದೆ ಎಂದು ಸಾಬೀತು ಮಾಡುವುದು ಹೇಗೆ? (ಮಿಷಿಗನ್)

ಉತ್ತರ: ಮೊದಲು ಬಿಲ್ಲಿನ ರೀಡಿಂಗ್ ನಿಜವಾದದ್ದೋ ಅಂದಾಜಿನದ್ದೋ ನೋಡಿ. ಆಮೇಲೆ ಮೇನ್ ಬ್ರೇಕರ್ ಆಫ್ ಮಾಡಿ ಮೀಟರ್ ಗಮನಿಸಿ. ಲೆಕ್ಕ ಆಗಲೂ ಏರುತ್ತಿದ್ದರೆ ಮೇನ್‌ಗಿಂತ ಮುಂಚೆ ಯಾರೋ ಕರೆಂಟ್ ಎಳೆಯುತ್ತಿದ್ದಾರೆ, ಇಲ್ಲವೇ ಮೀಟರ್ ಕೆಟ್ಟಿದೆ. ನಿಂತರೆ, ಮೇನ್ ಮತ್ತೆ ಆನ್ ಮಾಡಿ, ಹೀಟರಿನದ್ದು ಬಿಟ್ಟು ಉಳಿದ ಬ್ರೇಕರ್‌ಗಳನ್ನೆಲ್ಲ ಆರಿಸಿ 1500 ವ್ಯಾಟ್ ಹೀಟರ್ ಒಂದನ್ನೇ 2 ಗಂಟೆ ಓಡಿಸಿ. 3 ಯೂನಿಟ್ ಆಸುಪಾಸು ಏರಬೇಕು. ಹೀಟರ್ ತನ್ನಷ್ಟಕ್ಕೆ ಆರಿ ಹತ್ತಿಕೊಂಡರೆ ಲೆಕ್ಕ ತಪ್ಪುತ್ತದೆ, ಥರ್ಮೋಸ್ಟಾಟ್ ಪೂರ್ತಿ ತಿರುಗಿಸಿಡಿ.

ಮೀಟರನ್ನು ಬೈಯುವ ಮುಂಚೆ ಹೀಟ್ ಪಂಪ್ (ಹೊರಗಿನ ಕಾವನ್ನು ಒಳಗೆ ತಂದು ಮನೆ ಬೆಚ್ಚಗಿಡುವ ಯಂತ್ರ) ಇದೆಯೇ ನೋಡಿ. ಥರ್ಮೋಸ್ಟಾಟ್ ‘ಎಮರ್ಜೆನ್ಸಿ ಹೀಟ್’ನಲ್ಲಿ ಉಳಿದಿದ್ದರೆ ಪಂಪ್ ಬದಲು ಬರೀ ಕರೆಂಟ್ ಹೀಟರ್ ಕಾಯಿಲ್ ಉರಿಯುತ್ತದೆ. 10 ಕಿಲೋವ್ಯಾಟ್ ಕಾಯಿಲ್ ದಿನಕ್ಕೆ 5 ಗಂಟೆ ಓಡಿದರೆ 50 ಯೂನಿಟ್. ಅನುಮಾನ ಉಳಿದರೆ ಮೀಟರ್ ಪರೀಕ್ಷೆಗೆ ಬರಹದಲ್ಲಿ ಕೇಳಿ, ಶುಲ್ಕ ಇದೆಯೇ ಮೊದಲೇ ತಿಳಿದುಕೊಳ್ಳಿ. ಉತ್ತರ ತೃಪ್ತಿ ತರದಿದ್ದರೆ ಕರೆಂಟ್ ಕಂಪನಿಗಳ ಮೇಲೆ ನಿಗಾ ಇಡುವ ರಾಜ್ಯದ ಪಬ್ಲಿಕ್ ಸರ್ವಿಸ್ ಕಮಿಷನ್‌ಗೆ ದೂರು ಕೊಡಬಹುದು.

ಪ್ರಶ್ನೆ: ಸೀಲ್ ಕತ್ತರಿಸಿ ಮೀಟರ್ ಕಿತ್ತು ನಾನೇ ಹಿಡಿಗಳನ್ನು ಬಿಗಿ ಮಾಡಬಹುದೇ?

ಉತ್ತರ: ಬೇಡ. ಮೀಟರ್ ಕಿತ್ತರೂ ಮೇಲಿನ ಎರಡು ಹಿಡಿಗಳಲ್ಲಿ ಕರೆಂಟ್ ಇರುತ್ತದೆ, ಅಲ್ಲಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ ನಿಮ್ಮನ್ನು ಕಾಯುವ ಬ್ರೇಕರ್ ಇಲ್ಲ.

ಪ್ರಶ್ನೆ: ಲಂಡನ್ನಿನಲ್ಲಿ ಮೀಟರ್ ಪಕ್ಕ ಸುಟ್ಟ ವಾಸನೆ. ಸಪ್ಲೈಯರ್‌ಗೆ ಹೇಳಬೇಕೇ, ಬೇರೆಯವರಿಗೇ?

ಉತ್ತರ: ಬ್ರಿಟನ್ನಿನಲ್ಲಿ ಪಾಲು ಮೂರು. ನೆಲದಿಂದ ಬಂದ ಕೇಬಲ್ ಮತ್ತು ದಪ್ಪ ಫ್ಯೂಸ್ ಇರುವ ಕಟೌಟ್ ನೆಟ್‌ವರ್ಕ್ ಕಂಪನಿಯ ಜವಾಬ್ದಾರಿ. ಮೀಟರ್, ಬಿಲ್ ಕಳಿಸುವ ಸಪ್ಲೈಯರ್‌ದು. ಮೀಟರಿನಿಂದ ಬ್ರೇಕರ್ ಪೆಟ್ಟಿಗೆಯಾದ ಕನ್ಸ್ಯೂಮರ್ ಯೂನಿಟ್‌ಗೆ ಹೋಗುವ, ಟೇಲ್ಸ್ ಎನ್ನುವ ತಂತಿಗಳು ನಿಮ್ಮವು. ವಾಸನೆ ಕಟೌಟ್ ಕಡೆಯದ್ದಾದರೆ 105ಕ್ಕೆ ಉಚಿತ ಕರೆ. ಮೀಟರ್ ಟರ್ಮಿನಲ್ ಕಪ್ಪಾಗಿದ್ದರೆ ಸಪ್ಲೈಯರ್‌ನ ತುರ್ತು ನಂಬರ್. ಗೊತ್ತಾಗದಿದ್ದರೆ 105. ಹೊಗೆ ಕಂಡರೆ ಹೊರಗೆ ಬಂದು 999.

ಮೀಟರ್ ಬದಲಾಯಿಸುವಾಗ, ಮೀಟರಿನ ನಂತರ ಕರೆಂಟ್ ಕಡಿಯುವ ಐಸೊಲೇಟರ್ ಸ್ವಿಚ್ ಹಾಕಿಕೊಡುತ್ತೀರಾ ಎಂದು ಕೇಳಿ. ಅದಿದ್ದರೆ ಮುಂದೆ ಎಲೆಕ್ಟ್ರಿಷಿಯನ್ ಕನ್ಸ್ಯೂಮರ್ ಯೂನಿಟ್ ಬದಲಾಯಿಸುವಾಗ ಫ್ಯೂಸ್ ತೆಗೆಸಲು ಯಾರನ್ನೂ ಕಾಯಬೇಕಿಲ್ಲ. ಸಪ್ಲೈಯರ್‌ಗೆ ಕೊಟ್ಟ ದೂರು 8 ವಾರದಲ್ಲಿ ಬಗೆಹರಿಯದಿದ್ದರೆ, ಗ್ರಾಹಕರ ದೂರು ವಿಚಾರಿಸುವ ಎನರ್ಜಿ ಒಂಬುಡ್ಸ್‌ಮನ್ ಬಳಿ ಹೋಗಬಹುದು. ನಿಮ್ಮ ತಪ್ಪಿಲ್ಲದೆ ಬಾಕಿ ಉಳಿದಿದ್ದರೆ 12 ತಿಂಗಳಿಗಿಂತ ಹಿಂದಿನ ಬಳಕೆಗೆ ಈಗ ಬಿಲ್ ಹಾಕುವಂತಿಲ್ಲ.