ಕಟ್ಟಿಗೆ ಕೊಟ್ಟಿಗೆಯ ಬೆಕ್ಕಿನ ಮರಿ

(ನಮ್ಮಲ್ಲಿ ಸಲಹೆ ಕೇಳಿದವರೊಬ್ಬರ ಪ್ರಸಂಗ. ಗುರುತು ಸಿಗದಂತೆ ವಿವರ ಬದಲಿಸಿದೆ.)

ಉಡುಪಿಯ ಹೊರವಲಯದ ಹಂಚಿನ ಮನೆ. 66ರ ಮಹಿಳೆ, ಒಬ್ಬರೇ. ವರ್ಷಕ್ಕೆ ಮೂರು ತಿಂಗಳು ದುಬೈಯ ಮಗನ ಮನೆಗೆ ಹೋಗುವವರು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಟ್ಟಿಗೆ ಕೊಟ್ಟಿಗೆಯೊಳಗೆ ಕೂಗುತ್ತಿದ್ದ ಮರಿಯನ್ನು ಹಿಂದಿನ ಸಂಜೆ ಒಳಗೆ ತಂದಿದ್ದರು. ದನದ ಹಾಲು ಕುಡಿಸಿದ್ದರು, ಬೆಳಗಾಗುವಾಗ ಮರಿಗೆ ಭೇದಿ. "ಬಿಟ್ಟರೆ ಪಾಪ. ಸಾಕಿದರೆ, ನಾನು ಹೋದಾಗ ನೋಡುವವರು ಯಾರು?" ಮಗ ಫೋನಿನಲ್ಲಿ ಬೇಡವೇ ಬೇಡ ಎಂದಿದ್ದ.

ಅವರ ಮುಂಗೈಯಲ್ಲಿ ಮರಿ ಪರಚಿದ ಗಾಯವಿತ್ತು, ಮೇಲೆ ಅರಸಿನ. ಪಾಪಪುಣ್ಯದ ಮಾತಿಗಿಂತ ಮೊದಲು ಅದು. ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಲು ಹೇಳಿದೆವು. ರೇಬೀಸ್ ಚುಚ್ಚುಮದ್ದು ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಮರಿಯಲ್ಲವೇ ಎಂಬ ರಿಯಾಯಿತಿ ಇಲ್ಲ. ಮರಿಯ ಮೇಲೆ 10 ದಿನ ಕಣ್ಣಿರಬೇಕು, ಆದರೆ ಅದಕ್ಕೆಂದು ಚುಚ್ಚುಮದ್ದು ತಡವಾಗಬಾರದು.

ಅವರ ತಲೆಯಲ್ಲಿ ಎರಡು ಪ್ರಶ್ನೆಗಳು ಒಂದಾಗಿ ಹೆಣೆದುಕೊಂಡಿದ್ದವು: ಈ ರಾತ್ರಿ ಮರಿ ಬದುಕುತ್ತದೆಯೇ, ಮುಂದಿನ 15 ವರ್ಷ ಅದನ್ನು ಸಾಕಲಾಗುತ್ತದೆಯೇ. ಎರಡನೆಯದಕ್ಕೆ ಅಂದೇ ಉತ್ತರಿಸುವ ಅಗತ್ಯವಿರಲಿಲ್ಲ.

ಅಡುಗೆಮನೆಯ ತಕ್ಕಡಿಯಲ್ಲಿ ಮರಿ 410 ಗ್ರಾಂ. ಕಣ್ಣು ನೀಲಿ, ಮುಂದಿನ ಹಲ್ಲು ಮೂಡಿತ್ತು. ಅಂದರೆ ಸುಮಾರು ನಾಲ್ಕು ವಾರ. ಮೈ ಬೆಚ್ಚಗಿತ್ತು, ಪಕ್ಕೆಲುಬು ಎದ್ದಿರಲಿಲ್ಲ. ಹಿಂದಿನ ದಿನದವರೆಗೆ ತಾಯಿ ಮೊಲೆ ಕೊಟ್ಟಿದ್ದಾಳೆ. ತಾಯಿ ಬೆಕ್ಕು ಗಂಟೆಗಟ್ಟಲೆ ದೂರವಿರುವುದೂ, ಮರಿಗಳನ್ನು ಒಂದೊಂದಾಗಿ ಬೇರೆಡೆ ಸಾಗಿಸುವುದೂ ಸಾಮಾನ್ಯ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುವುದು ಬರೀ ಮಾತು. ಆದ್ದರಿಂದ ಮರಿಯನ್ನು ಒಣ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಜೊತೆ ಅದೇ ಜಾಗಕ್ಕೆ ಮರಳಿಸಿ, ಸುತ್ತ ಅಕ್ಕಿಹಿಟ್ಟು ಉದುರಿಸಿ ಮನೆಯೊಳಗೆ ಇರಲು ಹೇಳಿದೆವು. ಬಾಗಿಲಲ್ಲಿ ನಿಂತು ಕಾದರೆ ತಾಯಿ ಬರುವುದಿಲ್ಲ.

ಬಾರದಿದ್ದರೆ ಏನು ಎಂಬುದನ್ನೂ ಬರೆದುಕೊಟ್ಟೆವು. ಮರಿಗೆ ಮೊದಲು ಬೆಚ್ಚಗಾಗಬೇಕು, ಆಮೇಲೆ ಆಹಾರ. ತಣ್ಣಗಿರುವ ಹೊಟ್ಟೆಗೆ ಹಾಲು ಜೀರ್ಣವಾಗುವುದಿಲ್ಲ. ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ಬಳಸಬೇಕು. ಮಗುವಿನಂತೆ ಅಂಗಾತ ಮಲಗಿಸದೆ, ಹೊಟ್ಟೆ ಕೆಳಗಿರುವಂತೆ ಕುಡಿಸಬೇಕು, ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನೆಲಕ್ಕೆ ಫಿನೈಲ್ ಬೇಡ, ಮೈ ನೆಕ್ಕುವ ಬೆಕ್ಕಿಗೆ ಅದು ವಿಷ. ಚಿಗಟಕ್ಕೆ ನಾಯಿಯ ಔಷಧಿಯಂತೂ ಬೇಡವೇ ಬೇಡ.

ಬೆಳಿಗ್ಗೆ ಹಿಟ್ಟಿನ ಮೇಲೆ ಹೆಜ್ಜೆಗಳಿದ್ದವು. ಮರಿ ತಾಯಿಯ ಬಳಿಯೇ ಉಳಿಯಿತು. ಎಂಟು ವಾರದವರೆಗೆ ಹಾಗೇ ಇರಲಿ, ದಿನಕ್ಕೆ ಎರಡು ಸಲ 15 ನಿಮಿಷ ಕೈಯಿಂದ ತಿನ್ನಿಸಿ, ಮುಟ್ಟಿ ರೂಢಿ ಮಾಡಿ ಎಂದೆವು. ಈ ವಯಸ್ಸಿನಲ್ಲಿ ಬುಸುಗುಟ್ಟುವುದು ಭಯದಿಂದ, ಸ್ವಭಾವದಿಂದಲ್ಲ. ಏಳೆಂಟು ವಾರ ದಾಟಿದರೆ ಪಳಗಿಸುವುದು ಕಷ್ಟ. ಬರೀ ಬೂತಾಯಿ ಮೀನು ಹಾಕಿ ಬೆಳೆಸಬಾರದು, ವಿಟಮಿನ್ ಇ ಕೊರತೆಯಾಗಿ ಮೈಯ ಕೊಬ್ಬಿನಲ್ಲಿ ಉರಿಯೂತವಾಗುತ್ತದೆ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಹಾಲೂಡಿಸುವಾಗಲೇ ಮತ್ತೆ ಗಬ್ಬವಾಗಬಲ್ಲ ಪ್ರಾಣಿ ಅದು.

ದುಬೈಯ ಮೂರು ತಿಂಗಳ ಮಾತು ಎರಡನೇ ಭೇಟಿಯಲ್ಲಿ ಬಂತು. ಪಕ್ಕದ ಮನೆಯವರು "ನೋಡುವ" ಎಂದಿದ್ದರಂತೆ. ನಮ್ಮ ಊರಿನಲ್ಲಿ ಆ ಮಾತಿಗೆ ಎಷ್ಟು ಅರ್ಥಗಳಿವೆ ಎಂದು ಅವರಿಗೂ ಗೊತ್ತಿತ್ತು. ಅದಕ್ಕೇ ಮೂರು ದಿನದ ಪರೀಕ್ಷೆ ಸೂಚಿಸಿದೆವು: ಅವರು ಕುಂದಾಪುರದ ತಂಗಿಯ ಮನೆಗೆ ಹೋಗುವುದು, ಪಕ್ಕದ ಮನೆಯ ಸೊಸೆ ಎರಡು ಹೊತ್ತು ಬಂದು ಬೆಕ್ಕಿಗೆ ಹಾಕುವುದು.

ಮರಳಿ ಬಂದಾಗ ಮರಿ ಪಕ್ಕದ ಮನೆಯ ಒಲೆಯ ಬುಡದಲ್ಲಿ ಮಲಗಿತ್ತು. ಈಗ ಮರಿ ಅಲ್ಲೇ. ಲಸಿಕೆಯ ಖರ್ಚು ಇವರದು. ತಾಯಿ ಬೆಕ್ಕು ಇವರ ಕೊಟ್ಟಿಗೆಯಲ್ಲಿದೆ, ಮಗನಿಗೆ ಅದನ್ನು ಇನ್ನೂ ಹೇಳಿಲ್ಲ.