ಗ್ಯಾರೇಜ್ ಪ್ರಶ್ನೋತ್ತರ: ಕೀ ತೆಗೆದರೂ ನಿಲ್ಲದ ಎಂಜಿನ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ವಿಡಿಯೊ ನೋಡಿದ್ದಾರೆ, ಸ್ಪ್ಯಾನರ್ ಹಿಡಿದಿದ್ದಾರೆ, ಆಮೇಲೆ ಟೋಯಿಂಗ್ ಗಾಡಿಗೆ ಫೋನ್ ಮಾಡಿದ್ದಾರೆ. ಸಾಗರದಿಂದ ಬಂದ ಪತ್ರ ಉದ್ದವಿತ್ತು, ಸ್ವಲ್ಪ ಕತ್ತರಿ ಹಾಕಿದ್ದೇನೆ. ಉತ್ತರಕ್ಕೆ ಕತ್ತರಿ ಹಾಕಲು ಮನಸ್ಸಾಗಲಿಲ್ಲ.

ಪ್ರಶ್ನೆ: ನನ್ನದು 2012ರ ಸ್ವಿಫ್ಟ್ ಡೀಸೆಲ್. ಊರಲ್ಲಿ ಓಡಿಸಲು ತೊಂದರೆ ಇರಲಿಲ್ಲ, ಆದರೆ ಘಾಟಿಯಲ್ಲಿ ಎರಡನೇ ಗೇರ್‌ಗೆ ಇಳಿಸದೆ ಹತ್ತುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಒಂದು ಪವರ್ ಬಾಕ್ಸ್ ತರಿಸಿ ನಾನೇ ಹಾಕಿದೆ. ಎರಡು ಕನೆಕ್ಟರ್ ಅಷ್ಟೇ, ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಗಾಡಿ ನಿಜಕ್ಕೂ ಹಾರಿತು. ಆಮೇಲೆ ತಗಡು ಕತ್ತರಿಸಿ ಇಜಿಆರ್ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ದಾರಿ) ಮುಚ್ಚಿದೆ. ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು, ಇಜಿಆರ್ ಮುಚ್ಚಿದರೆ ಹಾಗಾಗುತ್ತೆ ಅಂತ ವಿಡಿಯೊದಲ್ಲೇ ಹೇಳಿದ್ದರಿಂದ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಪಕ್ಕದ ಆ್ಯಕ್ಚುಯೇಟರ್ ಸರಳಿನ ನಟ್ಟನ್ನೂ ನಾಲ್ಕು ಸುತ್ತು ಬಿಗಿ ಮಾಡಿದೆ. ಮೊನ್ನೆ ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತುವಾಗ ಹಿಂದಿನ ಬಸ್ಸು ಕಾಣದಷ್ಟು ಕಪ್ಪು ಹೊಗೆ, ಜೊತೆಗೆ ಸೈರನ್ ಥರ ಶಬ್ದ. ಮಾಸ್ತಿಕಟ್ಟೆ ಹತ್ತಿರ ನಿಲ್ಲಿಸಿ ಕೀ ತೆಗೆದೆ. ಎಂಜಿನ್ ನಿಲ್ಲಲಿಲ್ಲ! ತಾನೇ ತಾನಾಗಿ ರೇಸ್ ಆಗುತ್ತಾ ಹೋಯಿತು. ಬಿಳಿ ಹೊಗೆ ರಸ್ತೆ ತುಂಬಿತು, ಎಲ್ಲರೂ ಇಳಿದು ಓಡಿದೆವು. ಸ್ವಲ್ಪ ಹೊತ್ತಿಗೆ ಗೊರಗೊರ ಎಂದು ನಿಂತಿತು. ಈಗ ಮೆಕ್ಯಾನಿಕ್ 'ಟರ್ಬೊ ಹೋಗಿದೆ, ಸೆಕೆಂಡ್ ಹ್ಯಾಂಡ್ ಒಂದು ಸಿಗುತ್ತೆ, ಹಾಕಿದರೆ ಸರಿಹೋಗುತ್ತೆ' ಅನ್ನುತ್ತಾರೆ. ಹಾಕಿಸಲಾ? ಇನ್ಶೂರೆನ್ಸ್ ಸಿಗುತ್ತಾ?
(ಓದುಗರೊಬ್ಬರು, ಸಾಗರ)

ಉತ್ತರ: ಟರ್ಬೊಗೆ ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿಸಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಆಸೆ ಇದೆ. ಎಲ್ಲಾದರೂ ಕಚ್ಚಿ ಹಿಡಿದರೆ ಒಳಗೆ ಬೇರಿಂಗೋ ಪಿಸ್ಟನ್ನೋ ಹೋಗಿದೆ, ಆಗ ಟರ್ಬೊ ಮಾತು ಬಿಡಿ, ಇಡೀ ಎಂಜಿನ್ ಬಿಚ್ಚಿಸುವ ಲೆಕ್ಕ ಹಾಕಿ. ತಿರುಗಿತು ಅಂತಲೂ ಖುಷಿಪಡುವ ಹಾಗಿಲ್ಲ. ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ಅಳತೆ ಮಾಡಿಸಿ, ಸಂಪ್ (ಎಂಜಿನ್ ತಳದ ಎಣ್ಣೆ ಪಾತ್ರೆ) ಇಳಿಸಿ ಎಣ್ಣೆಯಲ್ಲಿ ಲೋಹದ ಚೂರು ಹೊಳೆಯುತ್ತಿದೆಯಾ ನೋಡಿಸಿ.

ಇನ್ನು ಕೀ ತೆಗೆದರೂ ಯಾಕೆ ನಿಲ್ಲಲಿಲ್ಲ ಅನ್ನುವುದು. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ, ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖವೇ ಸಾಕು. ಕೀ ತೆಗೆದರೆ ನಿಲ್ಲುವುದು ಡೀಸೆಲ್ ಪೂರೈಕೆ ಮಾತ್ರ. ನಿಮ್ಮ ಟರ್ಬೊದ ಸೀಲ್ ಕಿತ್ತುಹೋಗಿ, ಅದರ ಬೇರಿಂಗ್‌ಗೆ ಹೋಗಬೇಕಿದ್ದ ಎಂಜಿನ್ ಆಯಿಲ್ ಗಾಳಿಯ ದಾರಿಯಲ್ಲಿ ನುಗ್ಗಿ ನೇರ ಸಿಲಿಂಡರ್‌ಗೆ ಹೋಗಿದೆ. ಅದು ಚೆನ್ನಾಗಿಯೇ ಉರಿಯುತ್ತದೆ. ಎಂಜಿನ್ ಜೋರಾದಷ್ಟೂ ಟರ್ಬೊ ಜೋರಾಗುತ್ತದೆ, ಟರ್ಬೊ ಜೋರಾದಷ್ಟೂ ಇನ್ನಷ್ಟು ಆಯಿಲ್ ಬರುತ್ತದೆ. ಸಂಪ್‌ನಲ್ಲಿದ್ದ ಮೂರು ಲೀಟರ್ ಚಿಲ್ಲರೆ ಆಯಿಲ್ ಮುಗಿಯುವ ತನಕ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲು ಕಂಡ ಕಪ್ಪು ಹೊಗೆ ಜಾಸ್ತಿಯಾದ ಡೀಸೆಲ್‌ದು, ಆಮೇಲಿನ ಬಿಳಿ ಹೊಗೆ ಆಯಿಲ್‌ದು. ಇಳಿದು ಓಡಿದ್ದು ಒಳ್ಳೆಯದೇ ಆಯಿತು, ಅಷ್ಟು ವೇಗದಲ್ಲಿ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬಂದ ಉದಾಹರಣೆಗಳಿವೆ. ಇನ್ನೊಂದು ದಾರಿಯೂ ಇದೆ, ಡೀಸೆಲ್ ಗಾಡಿ ಓಡಿಸುವವರೆಲ್ಲ ತಿಳಿದುಕೊಂಡಿರಿ: ಮುಂದೆ ಜನ ಇಲ್ಲದಿದ್ದರೆ ಕ್ಲಚ್ ತುಳಿದು ಐದನೇ ಗೇರ್‌ಗೆ ಹಾಕಿ, ಬ್ರೇಕ್ ಮತ್ತು ಹ್ಯಾಂಡ್‌ಬ್ರೇಕ್ ಎರಡನ್ನೂ ಪೂರ್ತಿ ಹಿಡಿದು, ಕ್ಲಚ್ ತಟ್ಟನೆ ಬಿಡಿ. ಎಂಜಿನ್ ಕುಕ್ಕಿ ನಿಲ್ಲುತ್ತದೆ. ಬಾನೆಟ್ ಎತ್ತಿ ಗಾಳಿಯ ಬಾಯಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಅಡ್ಡ ಹಿಡಿಯಲು ಹೋಗಬೇಡಿ, ಎಳೆದುಕೊಂಡುಬಿಡುತ್ತದೆ.

ಇದಕ್ಕೆಲ್ಲ ಮೂಲ ಆ ಬಾಕ್ಸು. ಬಿಚ್ಚಿ ನೋಡಿ, ಅಗ್ಗದ ಬಾಕ್ಸ್‌ಗಳ ಒಳಗೆ ಒಂದೆರಡು ರೆಸಿಸ್ಟರ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ನಿಮ್ಮ ಎಂಜಿನ್‌ನಲ್ಲಿ ಡೀಸೆಲ್ ಒಂದು ಕಾಮನ್ ರೈಲ್ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿ ಕಾಯುತ್ತಿರುತ್ತದೆ. ಗರಿಷ್ಠ ಅಂದರೆ 1600 ಬಾರ್ ಆಸುಪಾಸು, ಟಯರ್‌ನಲ್ಲಿರುವುದು ಬರೀ ಎರಡು ಚಿಲ್ಲರೆ ಬಾರ್ ಅನ್ನುವುದು ನೆನಪಿರಲಿ. ಆ ಒತ್ತಡವನ್ನು ಅಳೆಯುವ ಸೆನ್ಸರ್‌ಗೆ ಮೂರು ವೈರ್. ಒಂದರಲ್ಲಿ 5 ವೋಲ್ಟ್, ಒಂದು ಅರ್ಥ್, ಮೂರನೆಯದರಲ್ಲಿ ಅರ್ಧ ವೋಲ್ಟ್‌ನಿಂದ ನಾಲ್ಕೂವರೆ ವೋಲ್ಟ್ ತನಕ ಏರಿಳಿಯುವ ಸಿಗ್ನಲ್. ಬಾಕ್ಸ್ ಮಾಡುವುದು ಇಷ್ಟೇ, ಆ ಮೂರನೇ ವೈರ್‌ನ ವೋಲ್ಟೇಜನ್ನು ಸ್ವಲ್ಪ ಇಳಿಸಿ ಇಸಿಯುಗೆ, ಅಂದರೆ ಎಂಜಿನ್‌ನ ಕಂಪ್ಯೂಟರ್‌ಗೆ, ಕಳಿಸುತ್ತದೆ. ಸಂತೆಯಲ್ಲಿ ತಕ್ಕಡಿ ತಟ್ಟೆಯನ್ನು ಕೆಳಗಿನಿಂದ ಬೆರಳಲ್ಲಿ ಎತ್ತಿ ಹಿಡಿದರೆ ತೂಕ ಕಡಿಮೆ ತೋರಿಸುತ್ತದಲ್ಲ, ಅದೇ ಕತೆ. ಇಸಿಯುಗೆ ಬೇಕಿದ್ದದ್ದು 1000 ಬಾರ್ ಅಂದುಕೊಳ್ಳಿ. ಅದು ಬಂದಿದ್ದರೂ ಬಾಕ್ಸ್ 'ಇನ್ನೂ ಬಂದಿಲ್ಲ' ಅನ್ನುತ್ತದೆ. ಪಾಪ, ಇಸಿಯು ಪಂಪನ್ನು ಇನ್ನಷ್ಟು ಒತ್ತಿ 1200ಕ್ಕೆ ಏರಿಸುತ್ತದೆ. ಇಂಜೆಕ್ಟರ್ ತೆರೆದಿರುವ ಹೊತ್ತು ಮಾತ್ರ 1000 ಬಾರ್ ಲೆಕ್ಕದ್ದೇ. ಒತ್ತಡ ಶೇ 20 ಏರಿದರೆ ಡೀಸೆಲ್ ಸುಮಾರು ಶೇ 10ರಷ್ಟು ಜಾಸ್ತಿ ಒಳಗೆ ಬೀಳುತ್ತದೆ. ಗಾಡಿ ಹಾರಿದ್ದು ಅದಕ್ಕೇ. ಆದರೆ ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ಇಸಿಯು 1600 ಕೇಳಿದಾಗ ಇದೇ ಲೆಕ್ಕದಲ್ಲಿ ರೈಲ್ ಒಳಗೆ 1900 ದಾಟುತ್ತದೆ.

ಎರಡನೇ ಕನೆಕ್ಟರ್ ಎಲ್ಲಿಗೆ ಹೋಗಿತ್ತು ಅಂತ ನೀವು ಬರೆದಿಲ್ಲ. ಇಂಥ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಅದು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಅಳೆಯುವ ಸೆನ್ಸರ್‌ಗೆ. ಟರ್ಬೊ ಒತ್ತಡ ಮಿತಿ ಮೀರಿದರೆ ಇಸಿಯು ಪವರ್ ಕಡಿತ ಮಾಡಿ ಗಾಡಿಯನ್ನು ಲಿಂಪ್ ಮೋಡ್‌ಗೆ ಹಾಕುತ್ತದೆ. ಆ ಸೆನ್ಸರ್‌ಗೂ ಸುಳ್ಳು ಹೇಳಿಸಿದ ಮೇಲೆ ನೀವು ವೇಸ್ಟ್‌ಗೇಟ್‌ನ ಆ್ಯಕ್ಚುಯೇಟರ್ ಸರಳನ್ನು ಬಿಗಿ ಮಾಡಿದ್ದೀರಿ. ಹೆಚ್ಚಾದ ಹೊಗೆಗಾಳಿ ಟರ್ಬೊ ತಪ್ಪಿಸಿ ಹೋಗಲು ಇರುವ ಬಾಗಿಲೇ ವೇಸ್ಟ್‌ಗೇಟ್. ಬಿಗಿ ಮಾಡಿದರೆ ಬಾಗಿಲು ತಡವಾಗಿ ತೆರೆಯುತ್ತದೆ. ಇಷ್ಟು ಚಿಕ್ಕ ಟರ್ಬೊದ ಚಕ್ರ ಮಾಮೂಲಿನಲ್ಲೇ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ಹೋಗುತ್ತದೆ, ಅದೂ ತೆಳ್ಳನೆಯ ಎಣ್ಣೆಯ ಪೊರೆಯ ಮೇಲೆ ತೇಲಿಕೊಂಡು. ನೀವು ಕೇಳಿದ ಸೈರನ್ ಶಬ್ದ ಆ ಚಕ್ರ ಅಲುಗಾಡಿ ಹೌಸಿಂಗ್‌ಗೆ ಉಜ್ಜಿದ್ದು. ಅಷ್ಟು ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ಕೊಡಬೇಕಿದ್ದ ದೀಪ ಇಜಿಆರ್ ನೆಪದಲ್ಲಿ ಮೊದಲೇ ಉರಿಯುತ್ತಿತ್ತು. ಮೂರು ಮಾರ್ಪಾಡುಗಳಲ್ಲಿ ಎಂಜಿನ್‌ಗೆ ಅತಿ ಕಡಿಮೆ ಹಾನಿ ಮಾಡಿದ್ದು ಇಜಿಆರ್ ತಗಡು (ಹೊರಗಿನ ಗಾಳಿಗೆ ನೈಟ್ರೋಜನ್ ಆಕ್ಸೈಡ್ ಜಾಸ್ತಿ ಬಿಡುತ್ತದೆ, ನಮ್ಮ ಪಿಯುಸಿ ಹೊಗೆ ತಪಾಸಣೆಯಲ್ಲಿ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆ ಮಾತ್ರ ನೋಡುವುದರಿಂದ ಸಿಕ್ಕಿಬೀಳುವುದಿಲ್ಲ, ಅದು ಬೇರೆ ಜಗಳ). ಆದರೆ ಕಾವಲಿನ ಕೊನೆಯ ದೀಪವನ್ನು ಕೆಲಸಕ್ಕೆ ಬಾರದಂತೆ ಮಾಡಿದ್ದು ಅದೇ.

ಎಂಜಿನ್ ಚೆನ್ನಾಗಿದೆ ಅಂತ ಖಾತ್ರಿಯಾದರೆ ಮಾತ್ರ ಟರ್ಬೊ. ಸೆಕೆಂಡ್ ಹ್ಯಾಂಡ್ ಬೇಡ, ರಿಪೇರಿ ಮಾಡಿ ಬ್ಯಾಲೆನ್ಸ್ ಮಾಡಿದ ಕೋರ್ (ಟರ್ಬೊದ ತಿರುಗುವ ಒಳಭಾಗ) ಆದರೂ ಇರಲಿ. ಅದಕ್ಕಿಂತ ಮುಖ್ಯ, ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿಸಿ, ನೆಟ್ಟಗೆ ನಿಲ್ಲಿಸಿ, ಕೆಳಗೆ ಒಂದು ಬಕೆಟ್ ಇಡಿಸಿ. ಅದರ ಹೊಟ್ಟೆಯಲ್ಲಿ ಆಯಿಲ್ ನಿಂತಿರುತ್ತದೆ. ಅದನ್ನು ತೆಗೆಯದೆ ಹೊಸ ಟರ್ಬೊ ಹಾಕಿ ಸ್ಟಾರ್ಟ್ ಮಾಡಿದರೆ, ಗ್ಯಾರೇಜ್ ಒಳಗೇ ಇನ್ನೊಮ್ಮೆ ಹುಲಿಕಲ್ ನೋಡುತ್ತೀರಿ. ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪ್ ಹಳೆಯದನ್ನೇ ತೊಳೆದು ಹಾಕಬೇಡಿ, ಹೊಸದು ಹಾಕಿಸಿ, ಒಳಗೆ ಕರಿ ಕಟ್ಟಿಕೊಂಡಿರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಆಯಿಲ್ ಕುಡಿದು ಕಟ್ಟಿದೆಯಾ ಅನ್ನುವುದನ್ನೂ ನೋಡಬೇಕು. ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚ್‌ಗೆ ಕಳಿಸಿ.

ಇನ್ಶೂರೆನ್ಸ್ ಆಸೆ ಬಿಡಿ. ಸಾಮಾನ್ಯ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ಪರಿಹಾರವೇ ಇಲ್ಲ, ಅದರ ಮೇಲೆ ಇದು ಹೇಳದೆ ಮಾಡಿದ ಮಾರ್ಪಾಡು. ಕಾನೂನೂ ನಿಮ್ಮ ಕಡೆ ಇಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ(4)ರಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಒಂದು ಮಾತು ಹೇಳಲೇಬೇಕು. ನಿಮ್ಮ ಗಾಡಿಗೆ ರೋಗವೇ ಇರಲಿಲ್ಲ. ಈ 1248 ಸಿಸಿ ಫಿಯೆಟ್ ಮೂಲದ ಎಂಜಿನ್ ತನ್ನ 190 ಎನ್‌ಎಂ ಟಾರ್ಕ್ ಕೊಡುವುದೇ 2000 ಆರ್‌ಪಿಎಂನಲ್ಲಿ, ಅದಕ್ಕಿಂತ ಕೆಳಗೆ ಟರ್ಬೊ ಎದ್ದಿರುವುದಿಲ್ಲ. ಹುಲಿಕಲ್‌ನಂಥ ತಿರುವುಗಳಲ್ಲಿ ಎರಡನೇ ಗೇರ್‌ಗೆ ಇಳಿಸುವುದೇ ಸರಿಯಾದ ಕ್ರಮ. ಯಾವ ಬಾಕ್ಸೂ ಅದನ್ನು ತಪ್ಪಿಸುವುದಿಲ್ಲ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಕಂಪನಿಯ ಏರ್ ಫಿಲ್ಟರ್ ಡಬ್ಬಿ ತೆಗೆದು ಶಂಕುವಿನಾಕಾರದ ಓಪನ್ ಫಿಲ್ಟರ್ ಹಾಕಿದ್ದೆ, ಪೈಪ್ ಬಂಪರ್ ತನಕ ಇಳಿಸಿದ್ದೆ. ಜುಲೈ ಮಳೆಯಲ್ಲಿ ರಸ್ತೆ ನೀರಿಗೆ ಇಳಿದಾಗ ಗಾಡಿ ಗಕ್ಕನೆ ನಿಂತಿತು. ನಾಲ್ಕೈದು ಸಲ ಸೆಲ್ಫ್ ಹೊಡೆದೆ, ಒಳಗೆ ಟಕ್ ಎಂದಿತು. ಈಗ ರಾಡ್ ಬೆಂಡ್ ಅನ್ನುತ್ತಿದ್ದಾರೆ. ನೀರಿಗೆ ಅಷ್ಟು ಶಕ್ತಿ ಇದೆಯಾ? ಅದೇ ನೀರಲ್ಲಿ ಪಕ್ಕದ ಮನೆಯವರ ಹಳೇ ಕಾರು ಆರಾಮಾಗಿ ದಾಟಿತು.
(ಉಡುಪಿಯ ವಿದ್ಯಾರ್ಥಿ)

ಉತ್ತರ: ನೀರನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ, ಅದೇ ಅದರ ಶಕ್ತಿ. ಪಿಸ್ಟನ್ ಮೇಲೆ ಬಂದಾಗ ಗಾಳಿ ಹತ್ತನೇ ಒಂದು ಭಾಗಕ್ಕೆ ಮುದುಡಿಕೊಳ್ಳುತ್ತದೆ. ಆ ಜಾಗದಲ್ಲಿ ಒಂದು ಲೋಟ ನೀರಿದ್ದರೂ ಪಿಸ್ಟನ್ ಅಲ್ಲೇ ನಿಲ್ಲುತ್ತದೆ, ಕ್ರ್ಯಾಂಕ್ ನಿಲ್ಲುವುದಿಲ್ಲ, ನಡುವೆ ಇರುವ ರಾಡ್ ಬಾಗುತ್ತದೆ. ಪಕ್ಕದ ಮನೆಯ ಕಾರು ದಾಟಿದ್ದರಲ್ಲಿ ಏನೂ ವಿಶೇಷವಿಲ್ಲ. ಕಂಪನಿಯವರು ಗಾಳಿಯ ಬಾಯಿಯನ್ನು ಹೆಡ್‌ಲೈಟ್ ಹಿಂದೆ, ಬಾನೆಟ್ ಅಂಚಿನ ಎತ್ತರದಲ್ಲಿ ಇಟ್ಟಿರುತ್ತಾರೆ. ನೀವು ಅದನ್ನು ಮೊಣಕಾಲೆತ್ತರಕ್ಕೆ ಇಳಿಸಿದಿರಿ.

ಸೆಲ್ಫ್ ಹೊಡೆದದ್ದು ಇನ್ನೂ ಕೆಟ್ಟದ್ದು. ನೀರಲ್ಲಿ ನಿಂತ ಗಾಡಿಯನ್ನು ತಳ್ಳಿ ಮೇಲೆ ತನ್ನಿ, ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಆಮೇಲೆ ತಿರುಗಿಸಿದರೆ ನೀರು ಪಿಚಕಾರಿ ಥರ ಹೊರಗೆ ಚಿಮ್ಮುತ್ತದೆ, ಎಷ್ಟೋ ಸಲ ಎಂಜಿನ್ ಉಳಿದುಬಿಡುತ್ತದೆ. ಸೆಲ್ಫ್ ಹೊಡೆದು ಆದ ಹಾನಿಗೆ ವಿಮಾ ಕಂಪನಿಗಳು ಕೈ ಎತ್ತುತ್ತವೆ.

ಫಿಲ್ಟರ್ ಪೈಪನ್ನು ಬಂಪರ್‌ಗೆ ಇಳಿಸದೆ ಬಾನೆಟ್ ಒಳಗೇ ಬಿಟ್ಟಿದ್ದರೆ? ಅದೂ ಲಾಭವಿಲ್ಲ. ಟ್ರಾಫಿಕ್‌ನಲ್ಲಿ ಬಾನೆಟ್ ಒಳಗಿನ ಗಾಳಿ ಹೊರಗಿಗಿಂತ 30 ಡಿಗ್ರಿ ಬಿಸಿ ಇದ್ದರೆ ಎಂಜಿನ್‌ಗೆ ಸಿಗುವ ಆಮ್ಲಜನಕ ಶೇ 9–10ರಷ್ಟು ಕಡಿಮೆ. ಉಸಿರಿನ ಸದ್ದು ಜೋರಾಗುತ್ತದೆ, ಅದನ್ನೇ ಪವರ್ ಅಂದುಕೊಳ್ಳುವುದು ಸಹಜ.

ಪ್ರಶ್ನೆ: ಮಾರುತಿ 800ಕ್ಕೆ ನೀರಿನಿಂದ ಹೈಡ್ರೋಜನ್ ಮಾಡುವ ಕಿಟ್ ಹಾಕಿದರೆ ಮೈಲೇಜ್ ಡಬಲ್ ಆಗುತ್ತಂತೆ. ಸ್ಟೀಲ್ ಪ್ಲೇಟು, ಜಾರ್ ಎಲ್ಲ ತಂದಿದ್ದೇನೆ. ಜೋಡಿಸುವುದು ಹೇಗೆ?
(ದಾವಣಗೆರೆ)

ಉತ್ತರ: ಜೋಡಿಸಬೇಡಿ. ಹೈಡ್ರೋಜನ್ ಬರುವುದು ನಿಜ, ಅದು ಉರಿಯುವುದೂ ನಿಜ. ಆದರೆ ಅದನ್ನು ಮಾಡಲು ಬೇಕಾದ ಕರೆಂಟ್ ಎಲ್ಲಿಂದ? ಆಲ್ಟರ್ನೇಟರ್‌ನಿಂದ. ಅದನ್ನು ತಿರುಗಿಸುವುದು ನಿಮ್ಮ ಪೆಟ್ರೋಲೇ. ಎಂಜಿನ್ 100 ಪಾಲು ಶಕ್ತಿ ಕೊಟ್ಟರೆ ಆಲ್ಟರ್ನೇಟರ್‌ನಿಂದ 60 ಪಾಲು ಕರೆಂಟ್, ಅದರಿಂದ 40 ಪಾಲು ಹೈಡ್ರೋಜನ್, ಅದನ್ನು ಉರಿಸಿದಾಗ ಚಕ್ರಕ್ಕೆ ಸಿಗುವುದು 10 ಪಾಲು. ತೊಂಬತ್ತು ಕೈಬಿಟ್ಟು ಹತ್ತು ಹಿಡಿಯುವ ವ್ಯಾಪಾರ. ಇದರ ಜೊತೆ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗಳಿಗೆ ಆಕ್ಸಿಜನ್ ಸೆನ್ಸರ್‌ಗೆ ಹಾಕುವ ಒಂದು ಪುಟ್ಟ ಬಾಕ್ಸ್ ಕೂಡ ಮಾರುತ್ತಾರೆ. ಅಲ್ಲೂ ಇಸಿಯುಗೆ ಅದೇ ಸುಳ್ಳು, ಇಲ್ಲಿ ಪೆಟ್ರೋಲ್ ಕಡಿಮೆ ಮಾಡಿಸಲು. ಮೈಲೇಜ್ ಸ್ವಲ್ಪ ಏರಿದಂತೆ ಕಂಡರೆ ಆ ಬಾಕ್ಸ್‌ನಿಂದಲೇ, ಕೆಲವು ತಿಂಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸುಟ್ಟರೆ ಅದೂ ಅದರಿಂದಲೇ. ಕಾಸ್ಟಿಕ್ ನೀರು ತುಂಬಿದ ಜಾರನ್ನು ಬಾನೆಟ್ ಕೆಳಗೆ ಇಡುವುದಂತೂ ಬೇಡವೇ ಬೇಡ. ತಂದ ಸ್ಟೀಲ್ ಪ್ಲೇಟು ಅಡುಗೆಮನೆಗೆ ಉಪಯೋಗಕ್ಕೆ ಬರುತ್ತದೆಯಾ ಕೇಳಿ ನೋಡಿ.

ಪ್ರಶ್ನೆ: ಹಾಗಾದರೆ ಮನೆಯಲ್ಲಿ ಸ್ಪ್ಯಾನರ್ ಮುಟ್ಟಲೇಬಾರದಾ? ನನ್ನ ಟರ್ಬೊ ಡೀಸೆಲ್‌ಗೂ ಇತ್ತೀಚೆಗೆ ಪವರ್ ಇಲ್ಲ.
(ಹುಬ್ಬಳ್ಳಿ)

ಉತ್ತರ: ಮುಟ್ಟಿ, ಧಾರಾಳವಾಗಿ ಮುಟ್ಟಿ. 'ಇತ್ತೀಚೆಗೆ' ಅಂದಿರಲ್ಲ, ಅಂದರೆ ಮೊದಲು ಇತ್ತು, ಈಗ ಎಲ್ಲೋ ಸೋರುತ್ತಿದೆ ಇಲ್ಲವೇ ಕಟ್ಟಿದೆ. ಮೊದಲು ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಬಿಚ್ಚಿ, ಒಳಗೆ ಬೆರಳಾಡಿಸಿ ಬಗ್ಗಿಸಿ ನೋಡಿ. ಸೀಳು ಸಾಮಾನ್ಯವಾಗಿ ಕೆಳಭಾಗದಲ್ಲಿ, ಕ್ಲಿಪ್ ಪಕ್ಕದಲ್ಲಿ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಹೋಸ್ ಸುತ್ತ ಎಣ್ಣೆ ಧೂಳು ಅಂಟಿದ್ದರೆ ಅಲ್ಲೇ ಹುಡುಕಿ. ಆಮೇಲೆ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್. ಗಾಡಿ 2013ರ ನಂತರದ್ದಾದರೆ ಸ್ಟೀರಿಂಗ್ ಕೆಳಗೆ ಇಸಿಯು ಮಾಹಿತಿ ಓದುವ ಒಬಿಡಿ ಪೋರ್ಟ್ ಇರುತ್ತದೆ, ಅದಕ್ಕೆ ಒಂದು ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಫೋನಿನಲ್ಲೇ ಎರರ್ ಕೋಡ್ ಮತ್ತು ಬೂಸ್ಟ್ ಎರಡೂ ಕಾಣುತ್ತವೆ. ಬೂಸ್ಟ್ ಏರುತ್ತಲೇ ಇಲ್ಲ ಅಂತಾದರೆ ಆ ಅಂಕಿ ಮತ್ತು ಕೋಡ್ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ. ಆ್ಯಕ್ಚುಯೇಟರ್ ನಟ್ ಮಾತ್ರ ಇದ್ದ ಹಾಗೇ ಇರಲಿ.