ಜೆಸಿಬಿ ಕೈಗೆ ಬಂದರಿನ ಕ್ರೇನ್ ಒಗ್ಗುತ್ತಾ?

ಪ್ರಶ್ನೆ: ಜೆಸಿಬಿ, ಹಿಟಾಚಿ ಎರಡೂ ಓಡಿಸ್ತೀನಿ ಸಾರ್. ಬಂದರಿನಲ್ಲಿ ಕ್ರೇನ್ ಆಪರೇಟರ್ ಆಗೋ ಆಸೆ. ಒಂದು ಸಂಸ್ಥೆಯವರು ಸಿಮ್ಯುಲೇಟರ್ ಮೇಲೆ ಕಲಿಸ್ತೀವಿ ಅಂತಾರೆ, ಫೀಸು ಜಾಸ್ತಿ. 'ಅದು ವಿಡಿಯೋ ಗೇಮು, ಸುಮ್ನೆ ದುಡ್ಡು ದಂಡ' ಅಂತಾರೆ ಸ್ನೇಹಿತರು. ಸೇರಲಾ, ಬೇಡವಾ?
– ಓದುಗ, ಹೊಳಲ್ಕೆರೆ

ಉತ್ತರ: ಗೇಮ್ ಖಂಡಿತ ಅಲ್ಲ. ಸಿಮ್ಯುಲೇಟರ್ ಅಂದರೆ ಪರದೆ ಮೇಲೆ ಬಂದರನ್ನು ತೋರಿಸಿ, ಕ್ರೇನಿನಂಥದೇ ಸೀಟು, ಜಾಯ್‌ಸ್ಟಿಕ್ ಕೊಟ್ಟು ಅಭ್ಯಾಸ ಮಾಡಿಸುವ ಯಂತ್ರ. ಮುಂಬೈ ಹತ್ತಿರದ ನ್ಹಾವಾ ಶೇವಾದಲ್ಲಿ ಹಡಗಿನಿಂದ ಕಂಟೇನರ್ ಇಳಿಸುವ ಕ್ರೇನ್ ಓಡಿಸಿ, ನಿವೃತ್ತನಾಗಿ ದಾವಣಗೆರೆಗೆ ಬಂದವನು ನಾನು. ಸಿಮ್ಯುಲೇಟರ್ ಮೇಲೆ ಕಲಿತು ಬಂದ ಹುಡುಗರ ಕೈ ಬೇಗ ಹದಕ್ಕೆ ಬರುವುದನ್ನು ನೋಡಿದ್ದೇನೆ.

ನಿಮ್ಮ ಜೆಸಿಬಿಯಲ್ಲಿ ಬಕೆಟ್ ಅನ್ನು ಕಬ್ಬಿಣದ ತೋಳಿಗೆ ಪಿನ್ ಹಾಕಿ ಕೂರಿಸಿರುತ್ತಾರೆ. ಲಿವರ್ ಬಿಟ್ಟರೆ ಅದೂ ನಿಂತಿತು. ಕ್ರೇನ್‌ನಲ್ಲಿ ಕಂಟೇನರ್ ವೈರ್ ರೋಪಿಗೆ ನೇತುಬಿದ್ದಿರುತ್ತದೆ. ಆ ರೋಪನ್ನು ಹೊತ್ತು ಮೇಲೆ ಹಳಿಯ ಮೇಲೆ ಹಿಂದೆ ಮುಂದೆ ಓಡುವ ಗಾಡಿಯೇ ಟ್ರಾಲಿ. ಅದು ನಿಂತರೂ ಕೆಳಗೆ ಕಂಟೇನರ್ ಹೋಗುತ್ತಲೇ ಇರುತ್ತದೆ, ಬಾವಿಯಲ್ಲಿ ಅರ್ಧಕ್ಕೆ ಸೇದಿದ ಕೊಡದ ಹಾಗೆ. ರೋಪು 20 ಮೀಟರ್ ಇಳಿಬಿಟ್ಟಿದ್ದರೆ ಒಂದು ಸಲ ತೂಗಿ ವಾಪಸ್ ಬರಲು ಸುಮಾರು 9 ಸೆಕೆಂಡ್. ಖಾಲಿ ಇರಲಿ, 30 ಟನ್ ತುಂಬಿರಲಿ, ಹೆಚ್ಚುಕಮ್ಮಿ ಅಷ್ಟೇ ಹೊತ್ತು. ರೋಪಿನ ಉದ್ದವೇ ಲೆಕ್ಕ, ತೂಕವಲ್ಲ. ಈ ತಾಳ ಮೈಗೆ ಹತ್ತಬೇಕು. ಕಂಟೇನರ್ ಮುಂದಕ್ಕೆ ತೂಗಿದಾಗ ಗಾಬರಿಯಾಗಿ ಟ್ರಾಲಿಯನ್ನು ಹಿಂದಕ್ಕೆ ಎಳೆದರೆ ತೂಗಾಟ ಇನ್ನೂ ಜಾಸ್ತಿಯಾಗುತ್ತದೆ. ಅದು ಹೋದ ಕಡೆಗೇ ಟ್ರಾಲಿಯನ್ನೂ ಓಡಿಸಿ, ಸರಿಯಾಗಿ ಅದರ ನೆತ್ತಿ ಮೇಲೆ ನಿಲ್ಲಿಸಬೇಕು. ಜೆಸಿಬಿ ರೂಢಿಯ ಕೈ ಮೊದಮೊದಲು ಹಿಂದಕ್ಕೇ ಎಳೆಯುತ್ತದೆ.

ಆ ತಪ್ಪು ನಿಜವಾದ ಹಡಗಿನ ಮೇಲೆ ಆಗಬಾರದು. ಡೆಕ್ ಮೇಲೆ ಲ್ಯಾಶಿಂಗ್, ಅಂದರೆ ಕಂಟೇನರನ್ನು ಹಡಗಿಗೆ ಬಿಗಿದ ಕಟ್ಟು, ಬಿಚ್ಚುವ ಜನ ಇರುತ್ತಾರೆ. ಸಿಮ್ಯುಲೇಟರ್‌ನಲ್ಲಾದರೆ ಎಷ್ಟು ಸಲ ಡಿಕ್ಕಿ ಹೊಡೆದರೂ ಯಾರಿಗೂ ಏನೂ ಆಗುವುದಿಲ್ಲ. ಕಲಿಸುವವರು ರಾತ್ರಿ ಮಾಡುತ್ತಾರೆ, ಮಳೆ ಸುರಿಸುತ್ತಾರೆ, ಗಾಳಿ ಏರಿಸುತ್ತಾರೆ. ನಿಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ನಿಂತವರಿಗೆ ಗಾಳಿ ಅಂದರೇನು ಅಂತ ಹೇಳಬೇಕಿಲ್ಲ. 40 ಅಡಿ ಉದ್ದದ ಖಾಲಿ ಕಂಟೇನರಿನ ಪಕ್ಕೆಗೆ ಅಂಥ ಗಾಳಿ ಬಡಿದರೆ ಹೇಗಿರುತ್ತೆ, ಯೋಚನೆ ಮಾಡಿ.

ನನ್ನನ್ನು ಕೇಳಿದರೆ ನೀವು ಮೊದಲು ರೀಚ್ ಸ್ಟ್ಯಾಕರ್ ಹಿಡಿಯಿರಿ, ಅಂದರೆ ಯಾರ್ಡಿನಲ್ಲಿ ಕಂಟೇನರ್ ಎತ್ತಿ ಪೇರಿಸುವ ಚಕ್ರದ ಗಾಡಿ. ಅದಕ್ಕೆ ಬೂಮ್, ಅಂದರೆ ಚಾಚುವ ತೋಳು ಇದೆ, ನಿಮ್ಮ ಅನುಭವಕ್ಕೆ ಹತ್ತಿರ. ಕಂಟೇನರುಗಳ ಮೊದಲ ಸಾಲಿನಲ್ಲಿ 45 ಟನ್ ಎತ್ತುವ ಯಂತ್ರ ಎರಡನೇ ಸಾಲಿಗೆ ಚಾಚಿದಾಗ ಸುಮಾರು 30 ಟನ್‌ಗೆ ಇಳಿಯುತ್ತದೆ ಅಂದರೆ ನಿಮಗೆ ತಕ್ಷಣ ಅರ್ಥವಾಗುತ್ತದೆ, ಅಲ್ವಾ? ಆದರೆ ಸ್ಟೇರಿಂಗ್ ಹಿಂದಿನ ಚಕ್ರಕ್ಕೆ. ತಿರುಗಿಸಿದಾಗ ಹಿಂಭಾಗ ಬೀಸಿಕೊಂಡು ಬರುತ್ತದೆ, ಜೋಪಾನ.

ಸಿಮ್ಯುಲೇಟರ್ ಕಲಿಸದೇ ಇರುವುದೂ ಇದೆ. ದೊಡ್ಡ ಕ್ರೇನ್‌ಗಳ ಕ್ಯಾಬಿನ್ ಸುಮಾರು 40 ಮೀಟರ್ ಎತ್ತರದಲ್ಲಿರುತ್ತದೆ. ಕಾಲಡಿ ಗಾಜು. ಗಂಟೆಗಟ್ಟಲೆ ಬಗ್ಗಿ ಕೆಳಗೇ ನೋಡಬೇಕು. ಕತ್ತು, ಸೊಂಟ ಹಿಡಿದುಕೊಳ್ಳುತ್ತವೆ. ಅದಕ್ಕೇ, ಸಿಮ್ಯುಲೇಟರ್ ಮುಗಿದ ಮೇಲೆ ಅನುಭವಿ ಆಪರೇಟರ್ ಪಕ್ಕದಲ್ಲಿ ನಿಜವಾದ ಯಂತ್ರ ಹತ್ತಿಸುತ್ತಾರಾ ಅಂತ ಮೊದಲು ಕೇಳಿ. ಇಲ್ಲ ಅಂದರೆ ಆ ಫೀಸು ಜಾಸ್ತಿಯೇ.

ಇನ್ನೊಂದು. ಕೋರ್ಸು ಎಷ್ಟು ದಿನ ಅಂತ ಕೇಳಬೇಡಿ, ನಾನೇ ಸೀಟಿನಲ್ಲಿ ಕೂತು ಜಾಯ್‌ಸ್ಟಿಕ್ ಹಿಡಿಯುವುದು ಎಷ್ಟು ಗಂಟೆ ಅಂತ ಕೇಳಿ. ಹಿಂದೆ ನಿಂತು ನೋಡಿದರೆ ಕೈ ಕಲಿಯುವುದಿಲ್ಲ. 'ಕೆಲಸ ಗ್ಯಾರಂಟಿ' ಅನ್ನುವ ಮಾತನ್ನು ನಂಬಬೇಡಿ. ಒಂದರ್ಧ ಗಂಟೆ ಸೀಟಿನಲ್ಲಿ ಕೂರಿಸಿ ನೋಡೋಣ ಅನ್ನಿ. ಅದಕ್ಕೂ ಒಪ್ಪದಿದ್ದರೆ ದುಡ್ಡು ಕಟ್ಟದೆ ಎದ್ದು ಬನ್ನಿ.